ಬಿಚ್ಚಲೆಂದೇ ಹಾಕಿದ ಹೊಲಿಗೆ

ಇಸೊಕೊ ನಮ್ಮ ನಾಟಕಶಾಲೆಯ ಉಡುಪಿನ ಕೋಣೆಯಲ್ಲಿ ಆಯುಸ್ಸೆಲ್ಲ ಕೂತು ಹೊಲಿದಳು. ಹೊಲಿದದ್ದೆಲ್ಲ ಅವತ್ತವತ್ತೇ ಕಿತ್ತುಹೋಯಿತು. ಕಿತ್ತುಹೋಗದಿದ್ದ ದಿನ ಅವಳಿಗೆ ಬೈಗುಳ. ಇಂಥ ಕೆಲಸ ಮಾಡಿ ಮನುಷ್ಯರು ತಲೆ ಕೆಡದೆ ಹೇಗೆ ಇರುತ್ತಾರೋ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ನನ್ನ ಕೋಣೆ ಅವಳ ಕೋಣೆಗೆ ಎದುರು. ನಾನು ವೇಷದವರ ವಿಗ್ಗುಗಳನ್ನು ಬಾಚಿ ಕಟ್ಟುವವನು. ಅದಕ್ಕೇ ನನ್ನನ್ನು ಜುಟ್ಟಪ್ಪ ಅನ್ನುತ್ತಿದ್ದಳು. ಕಾನ್‌ಜಿ ಎಂದು ಹೆತ್ತವರು ಇಟ್ಟ ಹೆಸರು ನನಗೂ ಇದೆ, ಆದರೆ ಅದು ಅವಳ ಬಾಯಲ್ಲಿ ಬಂದದ್ದು ನನಗೆ ನೆನಪಿಲ್ಲ.

ಅವಳು ತೆನ್ಮಾ ಪೇಟೆಯ ಮೀನಂಗಡಿಯವರ ಮಗಳು. ಮೀನಿನ ವಾಸನೆ ತಾಳಲಾರದೆ ಹೊಲಿಗೆ ಕಲಿತೆ ಎಂದು ಹೇಳಿಕೊಳ್ಳುತ್ತಿದ್ದಳು. ನಮ್ಮಲ್ಲಿಗೆ ಬಂದ ಮೇಲೆ ಬೆವರು, ಬಣ್ಣ, ಹಳೇ ರೇಷ್ಮೆಯ ಮುಗ್ಗಲು ವಾಸನೆ ಕುಡಿದುಕೊಂಡೇ ಬದುಕಿದಳು. ಗಂಡ ಸುತ್ತುವ ರಂಗವೇದಿಕೆಯನ್ನು ಕೆಳಗಿನಿಂದ ತಳ್ಳಿ ತಿರುಗಿಸುವವರಲ್ಲಿ ಒಬ್ಬ. ಒಳ್ಳೆಯವನೇ, ಬೇಗ ಹೋಗಿಬಿಟ್ಟ. ಮಕ್ಕಳಿಲ್ಲ. ಕಾಲುವೆಯ ಪಕ್ಕದ ಬಾಡಿಗೆ ಕೋಣೆಯಿಂದ ಬೆಳಿಗ್ಗೆ ಬರುವಳು, ಕೊನೆಯ ಆಟದ ಬಟ್ಟೆಯೆಲ್ಲ ಗಾಳಿಗೆ ಹರವಿ ಹೋಗುವಳು. ಮಧ್ಯಾಹ್ನ ಒಂದು ಅನ್ನದ ಉಂಡೆ, ಒಂದು ಚೂರು ಮೂಲಂಗಿ ಉಪ್ಪಿನಕಾಯಿ. ಅದನ್ನೂ ಎದ್ದು ಬಾಗಿಲಾಚೆ ನಿಂತು ತಿನ್ನುತ್ತಿದ್ದಳು, ಬಟ್ಟೆಗೆ ಕೈಯ ಜಿಡ್ಡು ತಗಲಬಾರದೆಂದು.

ಕೋಣೆಯಲ್ಲಿ ಹೊಲಿಯುವವರು ಬೇರೆಯವರೂ ಇದ್ದರು. ಆದರೆ ಎಳೆದು ಬಿಚ್ಚುವ ಉಡುಪು ಅವಳೊಬ್ಬಳದೇ. ನಾವು ಆಡುವ ಕಬುಕಿ ನಾಟಕದ ಕೆಲವು ಕುಣಿತಗಳಲ್ಲಿ ವೇಷ ಬದಲಾಗುವುದು ಜನರ ಕಣ್ಣೆದುರಿಗೇ. ಒಂದರ ಮೇಲೊಂದು ಎರಡು ನಿಲುವಂಗಿ ಹಾಕಿ, ಹೊರಗಿನದನ್ನು ಭುಜ, ತೋಳು, ಸೊಂಟಗಳಲ್ಲಿ ದಪ್ಪ ದಾರದಿಂದ ಕಚ್ಚಾ ಹೊಲಿಗೆ ಹಾಕಿ ಹಿಡಿಸಿರುತ್ತಾರೆ. ಪ್ರತಿ ದಾರದ ತುದಿಯಲ್ಲೂ ಬೆರಳಿಗೆ ಸಿಗುವಂಥ ಒಂದು ಪುಟ್ಟ ಗುಂಡು. ಸಮಯ ಬಂದಾಗ ಹಿಂದೆ ಕೂತ ಶಿಷ್ಯ ಗುಂಡುಗಳನ್ನು ಹಿಡಿದು ಒಂದೊಂದಾಗಿ ಎಳೆದರೆ ದಾರ ಸರ್ರನೆ ಬಂದುಬಿಡಬೇಕು. ಗಂಟು ಇರಬಾರದು, ಹಿಂದಕ್ಕೆ ತಿರುಗಿದ ಹೊಲಿಗೆ ಒಂದೂ ಇರಬಾರದು. ಹಾಗೆಂದು ಎಳೆಯುವ ಮುಂಚೆ ಬಿಡಲೂ ಬಾರದು. ಗಂಟಿಲ್ಲದ ದಾರ ನಿಲ್ಲುವುದು ಬಿಗಿಯಿಂದ ಮಾತ್ರ. ಪ್ರತಿ ಹೊಲಿಗೆಯನ್ನೂ ಹೆಬ್ಬೆರಳಿನಿಂದ ಒತ್ತಿ ರೇಷ್ಮೆಯೊಳಗೆ ಕೂರಿಸಬೇಕು. ಆಟ ಮುಗಿದ ಮೇಲೆ ಮಾರನೆಯ ದಿನಕ್ಕೆ ಮತ್ತೆ ಮೊದಲಿನಿಂದ.

ಹೊಳೆದಂಡೆಯ ವಿಧವೆಯ ಕುಣಿತ ನಮ್ಮ ತಂಡಕ್ಕೆ ಹೆಸರು ತಂದದ್ದು. ಹೊರಗೆ ಬೂದಿಬಣ್ಣದ ಸುಕ್ಕುರೇಷ್ಮೆ, ಅಂಚಿನಲ್ಲಿ ಬೆಳ್ಳಿ ಎಳೆಯ ನೀರಲೆ. ಒಳಗೆ ಕೆಂಪು ಸ್ಯಾಟಿನ್ ಮೇಲೆ ಸೇವಂತಿಗೆ ಕಸೂತಿ. ಎಸಳುಗಳ ಕೆಳಗೆ ಹತ್ತಿ ತುಂಬಿ ಉಬ್ಬಿಸಿ, ಮೇಲೆ ಚಿನ್ನದ ಎಳೆಯನ್ನು ಮಲಗಿಸಿ, ಕಣ್ಣಿಗೆ ಕಾಣದ ಸಣ್ಣ ಹೊಲಿಗೆಗಳಿಂದ ಕಟ್ಟಿಹಾಕಿದ್ದು. ಎತ್ತಿದರೆ ಅಕ್ಕಿ ಮೂಟೆಯ ಭಾರ. ಅದನ್ನು ಹೊತ್ತ ವಿಧವೆ ಹೊಳೆಯ ಕಡೆ ತಿರುಗಿ, ಮುಳುಗಿದ ಗಂಡನನ್ನು ಕರೆಯುವ ಹಾಗೆ ಮೂರು ಸಲ ಕಾಲನ್ನು ನೆಲಕ್ಕೆ ಅಪ್ಪಳಿಸುತ್ತಾಳೆ. ಆಮೇಲೆ ಬೆನ್ನು ತಿರುಗಿಸುತ್ತಾಳೆ, ಶಿಷ್ಯ ದಾರ ಎಳೆಯುತ್ತಾನೆ, ಬೂದಿ ಉದುರಿ ಕೆಂಪು ನಿಲ್ಲುತ್ತದೆ. ವಿಧವೆ ಮತ್ತೆ ಮದುವಣಗಿತ್ತಿ. ಆ ಬೂದಿ ಬಟ್ಟೆಯನ್ನು ಅಷ್ಟು ವರ್ಷ ಚುಚ್ಚಿ ಚುಚ್ಚಿ ಭುಜದ ಹತ್ತಿರ ಹೊಸ ತೂತಿಗೆ ಜಾಗವೇ ಇರಲಿಲ್ಲ. ಇಸೊಕೊ ಒಳಗಿನಿಂದ ತೆಳುವಾದ ರೇಷ್ಮೆ ತುಂಡುಗಳನ್ನು ಅಂಟಿಸಿ ಅಂಟಿಸಿ ನಡೆಸಿಕೊಂಡು ಬಂದಿದ್ದಳು.

"ಇದಕ್ಕೂ ಸಾಕಾಗಿದೆ, ನಂಗೂ ಸಾಕಾಗಿದೆ," ಅನ್ನುತ್ತಿದ್ದಳು.

"ಹಾಗಾದ್ರೆ ಮನೇಲಿ ಕೂರು," ಎಂದರೆ, "ಯಜಮಾನ್ರು ಕೂರಲಿ, ಮಾರನೆ ದಿನ ನಾನೂ ಕೂರ್ತೀನಿ," ಅನ್ನುವಳು.

ಯಜಮಾನ್ರು ಅಂದರೆ ಹಗಿನೊಜೋ, ನಮ್ಮ ತಂಡದ ಹಿರಿಯ ಸ್ತ್ರೀವೇಷ. ಅವರು ಮೊದಲ ಸಲ ಎಳೆದು ಬಿಚ್ಚುವ ಉಡುಪು ತೊಟ್ಟಾಗ ಹೊಲಿದವಳು ಅವಳೇ. ಇಬ್ಬರೂ ಆಗ ಚಿಕ್ಕವರು, ಇಬ್ಬರಿಗೂ ಹೆದರಿಕೆ. ಅವತ್ತು ಬಟ್ಟೆ ಹೂವಿನ ಹಾಗೆ ಬಿಚ್ಚಿಕೊಂಡಿತು. ನನ್ನ ಕೊನೆಯ ಆಟದವರೆಗೂ ನೀನೇ ಹೊಲಿಯಬೇಕು ಎಂದು ಅವರು ಕೇಳಿದರು, ಇವಳು ಹೂಂ ಅಂದಳು. ಅಷ್ಟೇ. ವಯಸ್ಸಾದವರನ್ನು ತಂಡದವರು ಕೆಲಸದಲ್ಲಿ ಇಟ್ಟುಕೊಳ್ಳುವುದಿಲ್ಲ. ಅವಳನ್ನು ಇಟ್ಟುಕೊಂಡಿದ್ದು ಹಗಿನೊಜೋ ಅವರ ಮಾತಿಗೆ. ಒಂದು ಹೊಲಿಗೆ ಕೈಕೊಟ್ಟರೆ ಅವಳು ಹೊರಗೆ. ಇದು ಅವಳಿಗೂ ಗೊತ್ತು, ಉಡುಪಿನ ಮೇಸ್ತ್ರಿಗೂ ಗೊತ್ತು. ಹಣದ ಆಸೆ ಅವಳಿಗಿರಲಿಲ್ಲ, ಹೊಗಳಿಕೆ ಯಾರೂ ಕೊಟ್ಟಿರಲಿಲ್ಲ. ಕೊಟ್ಟ ಮಾತನ್ನು ಕೊನೆಯವರೆಗೆ ನಡೆಸಬೇಕು ಎಂಬ ಒಂದೇ ಹಟ.

ಎರಡು ವರ್ಷದ ಹಿಂದೆ ಹಗಿನೊಜೋ ಆ ಮೂರು ಹೆಜ್ಜೆ ಅಪ್ಪಳಿಸುವುದನ್ನು ಬಿಟ್ಟರು. ಅದರ ಬದಲು ತೋಳು ಚಾಚಿ ಸುಮ್ಮನೆ ನೀರಿನ ಕಡೆ ನೋಡುತ್ತಿದ್ದರು. ನೋಡಲು ಅದೂ ಚೆಂದವೇ. ಆದರೆ ಪತ್ರಿಕೆಯವರು ಬಿಡುತ್ತಾರೆಯೇ? ವಿಧವೆಯ ಕಾಲಲ್ಲಿ ಕಸುವಿಲ್ಲ, ಹಿರಿಯರು ಜಾಗ ಖಾಲಿ ಮಾಡುವುದು ಮರ್ಯಾದೆ ಎಂದು ಒಬ್ಬ ಬರೆದ. ಅವನನ್ನು ಆ ಭಾರ ಹೊರಿಸಿ ಒಂದು ದಿನ ಕುಣಿಸಬೇಕಿತ್ತು. ಮೇಲಿನ ಸಾಲಿನಲ್ಲಿ ಕೂತು ಸರಿಯಾದ ಕ್ಷಣಕ್ಕೆ ನಟರ ಮನೆತನದ ಹೆಸರು ಕೂಗಿ ಮೆಚ್ಚುಗೆ ತೋರಿಸುವ ಹಳೇ ರಸಿಕರೂ ಆ ಜಾಗದಲ್ಲಿ ಕೂಗುವುದನ್ನು ನಿಲ್ಲಿಸಿದರು. ನನಗೆ ಅದು ಪತ್ರಿಕೆಗಿಂತ ಹೆಚ್ಚು ಚುಚ್ಚಿತು.

ಆ ದಿನಗಳಲ್ಲೇ ಇಸೊಕೊ ನನ್ನ ಕೋಣೆಗೆ ಬಂದು ಬಾಗಿಲೆಳೆದುಕೊಂಡು ಕೂತಳು.

"ಯಾರಿಗೂ ಹೇಳ್ಬೇಡ ಜುಟ್ಟಪ್ಪ. ಯಜಮಾನ್ರ ಮಂಡಿ ಹೋಗಿದೆ."

"ಅವರೇ ಹೇಳಿದ್ರಾ?"

"ಹೇಳ್ಬೇಕಾ? ಕಾಲು ಅಪ್ಪಳಿಸ್ತಿಲ್ಲ, ಕಾಣಲ್ವಾ ನಿಂಗೆ? ಬಿಗಿ ದಾರ ಎಳೆದ್ರೆ ಆ ಜಗ್ಗಿಗೆ ಮುಗ್ಗರಿಸಿ ಬೀಳ್ತಾರೆ. ಅದಕ್ಕೇ ಸಡಿಲವಾಗಿ ಹೊಲೀತಿದೀನಿ ಈಗ. ಬೆಣ್ಣೆಯಿಂದ ಕೂದಲೆಳೆ ತೆಗೆದ ಹಾಗೆ ಬರುತ್ತೆ. ತಾಮೆಜಿನ ಕೇಳು ಬೇಕಾದ್ರೆ."

ತಾಮೆಜಿ ದಾರ ಎಳೆಯುವ ಶಿಷ್ಯ. ಹೌದು, ಮುಟ್ಟಿದರೆ ಸಾಕು ಕೈಗೆ ಬರುತ್ತದೆ ಎಂದು ಅವನೂ ಹೇಳಿದ. ಯಾರಿಗೂ ಹೇಳಬೇಡ ಎಂಬ ಮಾತನ್ನು ಅವಳು ಚಹಾ ಕಾಯಿಸುವವಳಿಗೂ ಹೇಳಿದಳು, ಚಪ್ಪಲಿ ಕಾಯುವವನಿಗೂ ಹೇಳಿದಳು. ಹೀಗೆ ಯಾರಿಗೂ ಗೊತ್ತಾಗದ ಹಾಗೆ ಎಲ್ಲರಿಗೂ ಗೊತ್ತಾಯಿತು. ಬೆಳಿಗ್ಗೆ ಹಗಿನೊಜೋ ಹಿಂಬಾಗಿಲಲ್ಲಿ ಚಪ್ಪಲಿ ಬಿಡುವಾಗ ಇವಳು ಮೆಟ್ಟಿಲ ಮೇಲಿಂದ ಅವರ ಕಾಲನ್ನೇ ನೋಡುತ್ತಾ ನಿಲ್ಲುವಳು. ನಡಿಗೆ ನೋಡಿ ಆ ದಿನದ ಬಿಗಿ ಎಷ್ಟು ಎಂದು ತೀರ್ಮಾನ. ದಿನದಿಂದ ದಿನಕ್ಕೆ ಸಡಿಲವೇ ಆಗುತ್ತಾ ಬಂತು. ಮುಖದಲ್ಲಿ ಒಂದು ಬಿಗುಮಾನ ಬೇರೆ. ಯಜಮಾನ್ರನ್ನು ನಿಲ್ಲಿಸಿರುವವಳು ತಾನೇ ಎಂಬಂತೆ ಓಡಾಡುತ್ತಿದ್ದಳು.

ಈ ಬೇಸಿಗೆಯ ಆಟ ಶುರುವಾಗಿ ಅರ್ಧ ಕಳೆದಿತ್ತು. ಒಸಾಕಾದ ಸೆಕೆ ಗೊತ್ತಲ್ಲ, ವಿಗ್ಗಿನ ಅಂಟು ಕರಗಿ ಹಣೆಗೆ ಇಳಿಯುತ್ತಿತ್ತು. ಒಂದು ಬೆಳಿಗ್ಗೆ ಹಗಿನೊಜೋ ಅವರಿಗೆ ಜ್ವರ ಎಂದು ಸುದ್ದಿ ಬಂತು. ಅವತ್ತಿನ ಮಟ್ಟಿಗೆ ಅವರ ದತ್ತುಮಗ ಸೊನೊಸುಕೆ ವಿಧವೆ. ಹುಡುಗಾಟದ ವಯಸ್ಸಲ್ಲ ಅವನದು, ಮೂವತ್ತು ದಾಟಿದವನು, ಗಟ್ಟಿ ಆಳು. ಕುಣಿತವನ್ನು ಅಪ್ಪನಿಂದ ಹಳೆಯ ಕ್ರಮದಲ್ಲೇ ಕಲಿತವನು. ಇಸೊಕೊ ಎಂದಿನ ಹಾಗೆ ಕೂತಳು, ಹೊಲಿದಳು.

"ಇವನಿಗೆ ಬಿಗಿ ಹೆಚ್ಚು ಬೇಕಲ್ವಾ?" ಎಂದು ನಾನು ಕೇಳಿದೆ.

"ಹಾಕ್ತಿದೀನಿ ಸುಮ್ನಿರು. ನಂಗೆ ಹೊಲಿಗೆ ಹೇಳಿಕೊಡ್ಬೇಡ."

ಸೊನೊಸುಕೆ ಹೊಳೆಯ ಕಡೆ ತಿರುಗಿ ಕಾಲೆತ್ತಿ ಅಪ್ಪಳಿಸಿದ. ಹಲಗೆ ನಡುಗಿತು. ಎರಡನೆಯ ಸಲಕ್ಕೆ ಬಲಭುಜದ ದಾರ ಜಾರಿತು, ಬೂದಿಬಣ್ಣ ತೋಳಿನವರೆಗೆ ಇಳಿಯಿತು, ಒಳಗಿನ ಕೆಂಪು ಹೊರಬಿತ್ತು. ಗಂಡನಿಗಾಗಿ ಅಳುತ್ತಿರುವ ವಿಧವೆಯ ಹೆಗಲ ಮೇಲೆ ಮದುವೆಯ ಸೇವಂತಿಗೆ. ತಿಳಿಯದವರು ಚಪ್ಪಾಳೆ ಹೊಡೆದರು, ತಿಳಿದವರು ಉಸಿರು ಹಿಡಿದರು. ಶಮಿಸೆನ್ ತಂತಿವಾದ್ಯ ನುಡಿಸುವವರು ಜಾಣರು, ನಡುವಿನ ಭಾಗ ಹಾರಿಸಿ ಮುಂದಕ್ಕೆ ಓಡಿಸಿದರು. ತಾಮೆಜಿ ಉಳಿದ ದಾರಗಳನ್ನು ಹೇಗೋ ಕಿತ್ತು ಮುಗಿಸಿದ. ಅಷ್ಟಾದರೂ ಆಟ ಕೆಟ್ಟಿತ್ತು.

ಪರದೆ ಬಿದ್ದ ಕೂಡಲೇ ಸೊನೊಸುಕೆ ಉಡುಪಿನ ಕೋಣೆಯ ಬಾಗಿಲಿಗೆ ಬಂದು ನಿಂತ. ಮುಖದ ಬಿಳಿ ಬಣ್ಣದ ಮೇಲೆ ಬೆವರು ಗೆರೆ ಕೊರೆದಿತ್ತು. ಕೂಗಲಿಲ್ಲ.

"ಅಜ್ಜಿ, ಇದೇನು ಹೊಲಿಗೆಯೋ, ಜೇಡರ ಬಲೆಯೋ?"

ಇಸೊಕೊ ಚಾಪೆಗೆ ಹಣೆ ಹಚ್ಚಿದಳು. ಹಿಂದೆ ನಿಂತ ಮೇಸ್ತ್ರಿ ಗಂಟಲು ಸರಿಮಾಡಿಕೊಂಡು, ನಾಳೆಯಿಂದ ಸಾಯೊಕೊ ಹೊಲಿಯಲಿ ಎಂದ. ಸಾಯೊಕೊ ಅದೇ ಕೋಣೆಯವಳು, ಎರಡು ಮಕ್ಕಳ ತಾಯಿ, ಮಾತು ಕಡಿಮೆ, ಕೈ ಗಟ್ಟಿ. ಅವಳೂ ತಲೆ ತಗ್ಗಿಸಿದಳು, ತಪ್ಪು ತನ್ನದೇ ಎಂಬಂತೆ.

ಎಲ್ಲರೂ ಹೋದ ಮೇಲೆ ನಾನು ಒಂದು ಲೋಟ ಬಾರ್ಲಿ ಚಹಾ ತೆಗೆದುಕೊಂಡು ಹೋದೆ. ಅವಳು ಆ ಬಟ್ಟೆಯನ್ನು ಮಡಿಲಲ್ಲಿ ಹಾಕಿಕೊಂಡು ಭುಜವನ್ನು ಮತ್ತೆ ಹೊಲಿಯುತ್ತಿದ್ದಳು.

"ಕೈಗೆ ಯಜಮಾನ್ರ ಕಾಲು ಅಭ್ಯಾಸ ಆಗಿಬಿಟ್ಟಿದೆ, ಅಷ್ಟೇ," ಎಂದಳು. "ಈಗ ನೋಡು, ಹಳೇ ಬಿಗಿ. ಎಳಿ."

ಗುಂಡು ಹಿಡಿದು ಕಿರುಬೆರಳಲ್ಲಿ ಎಳೆದೆ. ದಾರ ಬಂತು. ಅವಳು ಮತ್ತೆ ಹೊಲಿದಳು. ಈ ಸಲ ತುಟಿ ಕಚ್ಚಿ, ಹೆಬ್ಬೆರಳು ಬೆಳ್ಳಗಾಗುವವರೆಗೆ ಒತ್ತಿದಳು. ಬೆರಳಿನ ಬುಡದ ಗೆಣ್ಣು ಊದಿ ಪಕ್ಕಕ್ಕೆ ತಿರುಗಿದ್ದು ಅವತ್ತು ನನ್ನ ಕಣ್ಣಿಗೆ ಬಿತ್ತು. ನಾನು ಎಳೆದೆ, ದಾರ ಮತ್ತೆ ಬಂತು.

"ಇನ್ನೊಂದು ಸಲ," ಎಂದಳು.

"ಬೇಡ ಇಸೊಕೊ."

ಅವಳು ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡು ಕೂತಳು. "ಸಡಿಲ ಮಾಡಿದಾಗಿನಿಂದ ಬೆರಳು ನೋವು ಕಮ್ಮಿ ಆಗಿತ್ತು ಕಣೋ," ಎಂದಳು. "ಪುಣ್ಯ ಅಂದ್ಕೊಂಡಿದ್ದೆ." ಚಹಾ ಕುಡಿಯಲಿಲ್ಲ. ಒಬ್ಬರ ಮಂಡಿಯ ಹೆಸರು ಹೇಳಿಕೊಂಡು ತನ್ನ ಕೈಯನ್ನು ತಾನೇ ನೋಡದೆ ಎರಡು ವರ್ಷ ದೂಡಿದ್ದಾಳೆ, ಬಡಪಾಯಿ.

ಜ್ವರ ಒಂದೇ ದಿನದ್ದು. ಮಾರನೆಯ ದಿನ ಹಗಿನೊಜೋ ಬಂದರು. ಅವರ ವಿಗ್ಗು ತೆಗೆದುಕೊಂಡು ನಾನು ಅವರ ಕೋಣೆಗೆ ಹೋದಾಗ ಇಸೊಕೊ ಆಗಲೇ ಅಲ್ಲಿ ಚಾಪೆಗೆ ಹಣೆ ಹಚ್ಚಿದ್ದಳು. ಹೊರಗೆ ಹೋಗಲು ತಿರುಗಿದೆ. ಕೂರು ಎಂದು ಯಜಮಾನ್ರು ಕನ್ನಡಿಯಲ್ಲೇ ಸನ್ನೆ ಮಾಡಿದರು.

"ಏಳು ಇಸೊಕೊ. ಬೆನ್ನು ಹಿಡ್ಕೊಂಡ್ರೆ ಎತ್ತಿ ನಿಲ್ಲಿಸೋರು ಯಾರು?"

"ನಿಮ್ಮ ಮಂಡಿಗೆ ಅಂತ ಸಡಿಲವಾಗಿ ಹೊಲಿದೂ ಹೊಲಿದೂ…" ಎಂದು ಶುರುಮಾಡಿ ಅವಳು ತಡೆದಳು. "ಇಲ್ಲ. ಅದು ಸುಳ್ಳು. ನನ್ನ ಹೆಬ್ಬೆರಳು ಹೋಗಿದೆ, ಯಜಮಾನ್ರೇ. ನೆನ್ನೆ ಗೊತ್ತಾಯ್ತು."

"ನಂಗೆ ಎರಡು ವರ್ಷದ ಹಿಂದೇನೇ ಗೊತ್ತಾಯ್ತು," ಎಂದರು ಹಗಿನೊಜೋ. ಕುತ್ತಿಗೆಗೆ ಬಿಳಿ ಬಣ್ಣ ಬಳಿದುಕೊಳ್ಳುತ್ತಲೇ ಇದ್ದರು. "ಒಂದಿನ ಕಾಲು ಅಪ್ಪಳಿಸಿದಾಗ ಭುಜದಲ್ಲಿ ದಾರ ಜಾರಿತು. ತೋಳನ್ನ ಮೈಗೆ ಒತ್ತಿ ಹಿಡ್ಕೊಂಡು ಹೇಗೋ ಮುಗಿಸಿದೆ. ಮಾರನೆ ದಿನವೂ ಹಾಗೇ ಆಯ್ತು. ಆಮೇಲೆ ಅಪ್ಪಳಿಸೋದನ್ನೇ ಬಿಟ್ಟೆ."

ಇಸೊಕೊ ತಲೆಯೆತ್ತಿದಳು. "ಮಂಡಿ?"

"ಮಂಡಿಗೇನಾಗಿತ್ತು? ಚೆನ್ನಾಗೇ ಇತ್ತು."

ನಾನು ಕೈಯಲ್ಲಿದ್ದ ವಿಗ್ಗನ್ನು ಸುಮ್ಮನೆ ಬಾಚುತ್ತಾ ಕೂತೆ. ಮೊದಲೇ ಬಾಚಿ ಮುಗಿಸಿದ್ದು ಅದು.

"ನಂಗೆ ಹೇಳಬಹುದಿತ್ತಲ್ಲ," ಎಂದಳು ಇಸೊಕೊ.

"ಹೇಳಿದ್ರೆ ನೀನು ಅವತ್ತೇ ಸೂಜಿ ಇಟ್ಟು ಎದ್ದು ಹೋಗ್ತಿದ್ದೆ. ನಿನ್ನ ಹಟ ನಂಗೊತ್ತಿಲ್ವಾ? ಕೊನೇ ಆಟದವರೆಗೂ ಅಂತ ಕೇಳಿದವನು ನಾನು. ನೀನೇನು ಬೇಡಿಕೊಂಡು ಬಂದಿರ್ಲಿಲ್ಲ."

ಅವಳಿಗೆ ಸಿಟ್ಟು ಬಂತು. ಅವರ ಮುಂದೆ ಅವಳು ಸಿಟ್ಟಾದದ್ದನ್ನು ನಾನು ಕಂಡದ್ದು ಅದೇ ಮೊದಲು. "ಕಾಲಿಲ್ಲದೋನು, ಜಾಗ ಖಾಲಿ ಮಾಡು ಅಂತ ಊರೆಲ್ಲ ಅಂದ್ರು. ಪೇಪರ್‌ನೋರು ಬರೆದ್ರು. ಮೇಲೆ ಕೂತಿರೋರು ಹೆಸರು ಕೂಗೋದು ಬಿಟ್ರು. ಎಲ್ಲಾ ನುಂಗಿಕೊಂಡು ಕೂತ್ರಿ. ಹಾಗ್ಮಾಡಿ ಅಂತ ಯಾರು ಕೇಳಿದ್ರು ನಿಮ್ಮನ್ನ?"

"ಮಂಡಿ ಸುದ್ದಿ ಹಬ್ಬಿಸಿದ್ದು ಯಾರು ಅಂತ ನಾನು ಕೇಳ್ಲಾ?"

ಯಜಮಾನ್ರು ನಕ್ಕರು, ಆದರೆ ಆ ನಗುವಿಗೆ ಬಲವಿರಲಿಲ್ಲ. ಎಷ್ಟು ದಣಿದಿದ್ದಾರೆ ಇವರಿಬ್ಬರೂ ಎಂದು ನನಗೆ ಅನ್ನಿಸಿತು, ಒಬ್ಬರನ್ನೊಬ್ಬರು ಕಾಯ್ದು ಕಾಯ್ದೇ ದಣಿದಿದ್ದಾರೆ.

ಕೊನೆಗೆ ಇಸೊಕೊ ಹೇಳಿದಳು: "ಇವತ್ತು ಸಾಯೊಕೊ ಹೊಲೀತಾಳೆ. ಕಲ್ಲು ಕಟ್ಟಿ ಜಗ್ಗಿದ್ರೂ ಬಿಡಲ್ಲ ಅವಳ ಹೊಲಿಗೆ. ನೀವು ಮೂರು ಸಲ ಕಾಲು ಅಪ್ಪಳಿಸಬೇಕು. ಅದನ್ನ ಕೇಳಿಸ್ಕೊಂಡು ನಾನು ಮನೆಗೆ ಹೋಗ್ತೀನಿ. ಕೊಟ್ಟ ಮಾತು ನಾನೇ ಮುರಿದೆ ಅಂತ ಇಟ್ಕೊಳಿ."

ಹಗಿನೊಜೋ ಕನ್ನಡಿಯಲ್ಲಿ ಅವಳನ್ನೇ ನೋಡಿದರು. "ಆಗ್ಲಿ," ಎಂದರು. "ಆ ಹೆಜ್ಜೆ ಎಲ್ಲಿಗೂ ಹೋಗಿಲ್ಲ. ಕಾಲಲ್ಲೇ ಇದೆ."

ಸಾಯೊಕೊ ಹೊಲಿದಳು. ಇಸೊಕೊ ಪಕ್ಕದಲ್ಲಿ ಕೂತು ದಾರಕ್ಕೆ ಮೇಣ ಹಚ್ಚಿ ಕೊಟ್ಟಳು. ಭುಜದಲ್ಲಿ ಯಾವ ತೂತು ಸತ್ತಿದೆ, ಯಾವುದು ಇನ್ನೂ ಹಿಡಿಯುತ್ತದೆ ಎಂದು ಬೆರಳಿಟ್ಟು ತೋರಿಸಿದಳು. ಅಷ್ಟು ವರ್ಷದ ಕೆಲಸವನ್ನು ಹಾಗೆ ದಾಟಿಸಿಬಿಟ್ಟಳು. ಆಟ ಶುರುವಾದಾಗ ನಾವಿಬ್ಬರೂ ಉಡುಪಿನ ಕೋಣೆಯಲ್ಲೇ ಕೂತೆವು. ಗೋಡೆಯ ಮೇಲಿನ ಸ್ಪೀಕರಿನಲ್ಲಿ ರಂಗದ ಹಾಡು ಕೇಳುತ್ತಿತ್ತು. ಆದರೆ ಕಾಲಿನ ಸದ್ದು ಬರುವುದು ಅದರಿಂದಲ್ಲ, ಕಟ್ಟಡದ ಕಂಬಗಳಿಂದ. ಸೊನೊಸುಕೆ ಅಪ್ಪಳಿಸಿದಾಗ ನನ್ನ ಮೇಜಿನ ಮೇಲಿನ ಬಾಚಣಿಗೆ ಕುಣಿದಿತ್ತು.

ವಿಧವೆ ಹೊಳೆಯ ಕಡೆ ತಿರುಗುವ ಸಾಲು ಬಂತು. ಮೊದಲ ಸದ್ದು ತೆಳುವಾಗಿತ್ತು, ಯಾರೋ ಮೆಟ್ಟಿಲ ಮೇಲೆ ಪುಸ್ತಕ ಬೀಳಿಸಿದಷ್ಟು. ಎರಡನೆಯದು ಅದಕ್ಕಿಂತ ಮೆತ್ತಗೆ, ಹೊತ್ತು ತಪ್ಪಿ ಬಂತು. ಮೂರನೆಯದಕ್ಕೆ ಕಾದೆವು. ಹಾಡುವವರು ಮುಂದಕ್ಕೆ ಹೋದರು. ಅದು ಬರಲಿಲ್ಲ.

"ಜ್ವರದ ನಿತ್ರಾಣ," ಎಂದೆ ನಾನು. ಇಸೊಕೊ ಮಡಿಲಲ್ಲಿ ಕೈಯಿಟ್ಟುಕೊಂಡು ಚಾಪೆಯನ್ನು ನೋಡುತ್ತಿದ್ದಳು.

ಆಟ ಮುಗಿದ ಮೇಲೆ ಹಗಿನೊಜೋ ತಮ್ಮ ಕೋಣೆಗೆ ಹೋಗಲಿಲ್ಲ. ಕೆಂಪು ಉಡುಪಿನಲ್ಲೇ, ತಾಮೆಜಿಯ ಭುಜ ಹಿಡಿದುಕೊಂಡು, ನಮ್ಮ ಕಡೆ ಬಂದರು. ಸಾಯೊಕೊ ಎದ್ದು ಜಾಗ ಬಿಟ್ಟಳು. ಅವರು ಇಸೊಕೊಳ ಎದುರು ಕೂರಲು ನೋಡಿದರು, ಮಂಡಿ ಮಡಚಲಿಲ್ಲ. ಕೊನೆಗೆ ಕಾಲು ಚಾಚಿಯೇ ಕೂತರು. ಸ್ತ್ರೀವೇಷದಲ್ಲಿ ಅವರು ಹಾಗೆ ಕೂತದ್ದನ್ನು ನಾನು ಕಂಡಿರಲಿಲ್ಲ.

"ಕೇಳಿಸ್ತಾ?" ಎಂದರು.

"ಕೇಳಿಸ್ತು."

"ಹೇಗಿತ್ತು?"

"ಮೊದಲು ಹೇಗಿತ್ತೋ ಹಾಗೇ," ಎಂದಳು ಇಸೊಕೊ.

"ಸುಳ್ಳು ಹೇಳ್ಬೇಡ. ನಿಂಗೆ ಬರಲ್ಲ ಅದು." ಅವರು ಮಂಡಿಯ ಮೇಲೆ ಕೈಯಿಟ್ಟುಕೊಂಡರು. ಚಿನ್ನದ ಸೇವಂತಿಗೆಯ ಮೇಲೆ ಆ ಕೈ ಬಹಳ ಹಳೆಯದಾಗಿ ಕಂಡಿತು. "ಕಾಲಲ್ಲಿ ಇತ್ತು. ಎರಡು ವರ್ಷ ಹಾಗೇ ಬಿಟ್ಟಿದ್ನಲ್ಲ, ಕರೆದ್ರೆ ಬರಲಿಲ್ಲ. ಜ್ವರ ಅಲ್ಲ ಇದು. ದಾರ ಎಳೆದಾಗ ಬಿದ್ದೇ ಹೋಗ್ತಿದ್ದೆ. ತಾಮೆಜಿ ಸೊಂಟ ಹಿಡ್ಕೊಂಡ."

ತಾಮೆಜಿ ಬೇರೆ ಕಡೆ ನೋಡಿದ. ಸಾಯೊಕೊ, ತಪ್ಪಾಯಿತು ಎಂದು ಪಿಸುಗುಟ್ಟಿದಳು.

"ನಿಂದಲ್ಲಮ್ಮ. ಹೊಲಿಗೆ ಚೆನ್ನಾಗಿತ್ತು. ಹೊಲಿಗೆ ಹಾಗೇ ಇರ್ಬೇಕು," ಎಂದರು. ಆಮೇಲೆ ಇಸೊಕೊಳ ಕಡೆ ತಿರುಗಿ, ಉಪ್ಪು ಕೇಳುವಷ್ಟು ಸಾದಾ ದನಿಯಲ್ಲಿ ಹೇಳಿದರು:

"ನಾಳೆಯಿಂದ ನೀನೇ ಹೊಲಿ. ಸಡಿಲವಾಗಿ. ಈಗ ನಂಗೆ ನಿಜವಾಗಿ ಬೇಕು."

ನನಗೆ ಅಳು ಬಂತು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಇಸೊಕೊ ಅಳಲಿಲ್ಲ. ಮುಂದಕ್ಕೆ ಬಾಗಿ ಅವರ ಭುಜದ ಮೇಲೆ ಉಳಿದಿದ್ದ ದಾರದ ಚೂರುಗಳನ್ನು ಒಂದೊಂದಾಗಿ ಆರಿಸತೊಡಗಿದಳು.

"ಎಷ್ಟು ಸಡಿಲ?" ಎಂದು ಕೇಳಿದಳು.

"ನಿನ್ನ ಕೈಯಲ್ಲಿ ಎಷ್ಟಾಗುತ್ತೋ ಅಷ್ಟು," ಎಂದರು ಯಜಮಾನ್ರು.